ಸೋದರಮಾವನನ್ನು ನುಂಗಿದ ಕಂಪ್ಯೂಟರ್

ಕಿರಿಯ ಮಗಳು ನಿಶಾಳ ಮದುವೆಯ ಕರೆಯೋಲೆಯನ್ನು ತಾನೇ, ತನ್ನ ಕೈಯಾರೆ, ತನ್ನ ಹಳೆಯ ಕನ್ನಡ ಅಕ್ಷರಗಳಲ್ಲೇ ಜೋಡಿಸುತ್ತೇನೆ, ಇದರಲ್ಲಿ ಎರಡನೇ ಮಾತಿಲ್ಲ ಎಂದು ಚೆನ್ನಯ ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ವಡಾಲದ ಮನೆಯಲ್ಲಿ, ನೀರುದೋಸೆಯ ತಟ್ಟೆಯ ಮುಂದೆ ಕೂತು. ಘೋಷಣೆಗೆ ಕಾರಣ ಹಿಂದಿನ ಸಂಜೆ ಆದ ಅವಮಾನ. ಕಾರ್ಡು ಮಾಡುವ ಅಂಗಡಿಯೊಂದರಲ್ಲಿ ಮಾದರಿಗೆಂದು ತೋರಿಸಿದ ಕನ್ನಡದ ಕರೆಯೋಲೆಯಲ್ಲಿ ಒತ್ತಕ್ಷರಗಳೆಲ್ಲ ಇರಬೇಕಾದ ಜಾಗ ಬಿಟ್ಟು ಪಕ್ಕಕ್ಕೆ ಸರಿದು, ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ನಿಂತಿದ್ದವು. ಚೆನ್ನಯ ಬೆರಳಿಟ್ಟು ತೋರಿಸಿದರೆ ಅಂಗಡಿಯವನು, "ಚಲ್ತಾ ಹೈ ಅಂಕಲ್, ಕೌನ್ ಪಢ್ತಾ ಹೈ" ಅಂದುಬಿಟ್ಟ. ಯಾರು ಓದುತ್ತಾರಂತೆ! ಈ ಮಾತನ್ನು ಅವನು ಬೇರೆ ಯಾರಿಗಾದರೂ ಹೇಳಿದ್ದರೆ ನಡೆಯುತ್ತಿತ್ತು.

ಚೆನ್ನಯ ಬಂದರಿನ ಬಳಿಯ ಸರಕು ಸಾಗಣೆಯ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಅದು ಹೊಟ್ಟೆಪಾಡಿಗೆ. ಅವನ ನಿಜವಾದ ಅಧಿಕಾರ ನಡೆಯುತ್ತಿದ್ದದ್ದು ಭಾನುವಾರಗಳಲ್ಲಿ. ವಡಾಲದಿಂದ ಭಾಂಡುಪಿನವರೆಗೆ ನಮ್ಮವರ ಮದುವೆಯಾಗಲಿ, ನಾಮಕರಣವಾಗಲಿ, ಸಂಘದ ವಾರ್ಷಿಕೋತ್ಸವವಾಗಲಿ, ಕಾರ್ಡಿನ ಅಕ್ಷರ ಚೆನ್ನಯನದು. ಇಪ್ಪತ್ತೈದು ವರ್ಷ ಒಂದೇ ಕಂಪ್ಯೂಟರಿನ ವಂಶ, ಒಂದೇ ಹಳೆಯ ವಿಂಡೋಸ್, ಒಂದೇ ಕನ್ನಡ ಟೈಪಿಂಗಿನ ಸಾಫ್ಟ್‌ವೇರ್. ಅದಕ್ಕೆ ಅವನು ಇಂಟರ್ನೆಟ್ಟಿನ ಗಾಳಿ ಸೋಕಲು ಬಿಟ್ಟಿರಲಿಲ್ಲ. ಕೆಲಸ ಮುಗಿದ ಮೇಲೆ ಟವೆಲ್ ಹೊದೆಸುತ್ತಿದ್ದ. ಹಾಗೆ ಸಾಕಿದ ಕಂಪ್ಯೂಟರ್ ಕಳೆದ ಗಣಪತಿ ಹಬ್ಬದ ವಾರದಲ್ಲಿ ಪಟ್ಟೆಂದು ಒಂದು ಸದ್ದು ಮಾಡಿ ಸುಮ್ಮನಾಯಿತು.

ಹಿರಿಯ ಮಗಳು ವಿಜೇತಾ ಠಾಣೆಯಿಂದ ಬಂದು ಹೊಸ ಲ್ಯಾಪ್‌ಟಾಪ್ ಇಟ್ಟುಹೋದಳು. ಚೆನ್ನಯ ತನ್ನ ಅಕ್ಷರಗಳ ಸೀಡಿಯನ್ನು ಅದಕ್ಕೆ ಉಣಿಸಲು ಹೊರಟರೆ, ಉಣಿಸುವ ಬಾಯಿಯೇ ಇಲ್ಲ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮಗುವಿನ ಹಾಗೆ ಬೋರಲು ಮಲಗಿಸಿ ನೋಡಿದ. ಬಾಯಿಲ್ಲದ ಕಂಪ್ಯೂಟರನ್ನು ಮಾಡಿದವನಿಗೆ ನಾಚಿಕೆಯಾಗಬೇಡವೇ ಎಂದು ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಾಡಿದ. ಹೇಗೋ ಒಂದು ಕಡೆಯಿಂದ ಸಾಫ್ಟ್‌ವೇರನ್ನು ಅದರೊಳಕ್ಕೆ ತುರುಕಿಸಿದರೆ, ಇದು ತೀರಾ ಹಳೆಯದು, ಇಲ್ಲಿ ನಡೆಯುವುದಿಲ್ಲ ಎಂದು ಹೊಸ ವಿಂಡೋಸ್ ಒಂದೇ ಸಾಲಿನಲ್ಲಿ ಹೇಳಿಬಿಟ್ಟಿತು. ನಿವೃತ್ತಿಯ ದಿನ ಆಫೀಸಿನಲ್ಲೂ ಅವನಿಗೆ ಇದನ್ನೇ ಹೇಳಿದ್ದರು, ಆದರೆ ಜೊತೆಗೆ ಒಂದು ಶಾಲು ಹೊದೆಸಿದ್ದರು.

"ನಾನು ಫೋನಿನಲ್ಲಿ ಟೈಪ್ ಮಾಡಿ ಕೊಡ್ತೇನೆ ಮಾರಾಯ್ರೆ. ಅದರಲ್ಲಿ ಅಕ್ಷರ ಎಲ್ಲ ಸರಿ ಬರ್ತದೆ" ಎಂದಳು ಹೆಂಡತಿ ವಿನೋದಿನಿ. ಅವಳು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು.

ಫೋನಿನಲ್ಲಿ ಮಾಡಿದ್ದಕ್ಕೆ ಕರೆಯೋಲೆ ಎನ್ನುವುದಿಲ್ಲ, ಮೆಸೇಜ್ ಎನ್ನುತ್ತಾರೆ ಎಂದು ಚೆನ್ನಯ ಉತ್ತರ ಕೊಟ್ಟ. ತನ್ನ ಮಗಳ ಮದುವೆಗೆ ಮೆಸೇಜ್ ಹಂಚುವಷ್ಟು ತಾನಿನ್ನೂ ಕೆಟ್ಟಿಲ್ಲ ಎಂದೂ ಸೇರಿಸಿದ.

ವಿನೋದಿನಿ ತಟ್ಟೆ ಎತ್ತಿಕೊಂಡಳು. "ಎಂತದ್ರಲ್ಲಾದ್ರೂ ಮಾಡಿ. ಅಣ್ಣನ ಹೆಸ್ರು ಮಾತ್ರ ಮೊದಲು ಇರಬೇಕು."

ಇಲ್ಲಿ ಧನರಾಜ್ ಅವರ ವಿಷಯ ಹೇಳಲೇಬೇಕು. ಅವರು ವಿನೋದಿನಿಯ ಒಬ್ಬನೇ ಅಣ್ಣ, ಭಾಂಡುಪ್ ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟವರು. ಹನ್ನೆರಡು ವರ್ಷದ ಹಿಂದೆ ವಿಜೇತಾಳ ಮದುವೆಯ ಕಾರ್ಡನ್ನೂ ಚೆನ್ನಯನೇ ಜೋಡಿಸಿದ್ದ. 'ಸುಖಾಗಮನವನ್ನು ಬಯಸುವವರು' ಎಂಬಲ್ಲಿ ಇಪ್ಪತ್ತೇಳು ಹೆಸರುಗಳಿದ್ದವು. ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿಯ ಹೆಸರು ಕೂಡ ಇತ್ತು. ಹುಡುಗಿಯ ಸೋದರಮಾವನ ಹೆಸರು ಮಾತ್ರ ಇರಲಿಲ್ಲ. ನಮ್ಮಲ್ಲಿ ಸೋದರಮಾವನಿಲ್ಲದೆ ಹುಡುಗಿ ಮಂಟಪ ಹತ್ತುವುದುಂಟೇ? ಕೈ ಹಿಡಿದು ಕರೆತರಬೇಕಾದ ಧನರಾಜ್ ಆ ದಿನ ಹೋಟೆಲಿನ ಗಲ್ಲಾದಿಂದ ಏಳಲೇ ಇಲ್ಲ. ದೂರದ ಸಂಬಂಧದ ಒಬ್ಬರು ವಿಜೇತಾಳ ಕೈ ಹಿಡಿದರು. ವಿನೋದಿನಿ ಇಡೀ ಮದುವೆ ಬಾಗಿಲ ಕಡೆ ನೋಡುತ್ತ ಕಳೆದಳು.

ತಪ್ಪು ಯಾರದು ಎಂದು ಕೇಳಿದವರಿಗೆಲ್ಲ ಚೆನ್ನಯ ಅಂದಿನಿಂದ ಒಂದೇ ಉತ್ತರ ಕೊಡುತ್ತ ಬಂದಿದ್ದ: "ಹೆಸರು ನಾನು ಹಾಕಿದ್ದೆ. ಕಂಪ್ಯೂಟರ್ ನುಂಗಿತು."

ಹನ್ನೆರಡು ವರ್ಷ ಧನರಾಜ್ ವಡಾಲದ ಮನೆಯ ಮೆಟ್ಟಿಲು ತುಳಿಯಲಿಲ್ಲ. ಈಗ ನಿಶಾಳ ಮದುವೆ ಗೊತ್ತಾದ ಮೇಲೆ ವಿನೋದಿನಿ ಒಬ್ಬಳೇ ನಾಲ್ಕು ಸಲ ಭಾಂಡುಪಿಗೆ ಹೋಗಿ ಬಂದಿದ್ದಳು. ಮೂರು ಸಲ ಅಣ್ಣ ಚಹಾ ಕೊಟ್ಟು ಕಳಿಸಿದರು. ನಾಲ್ಕನೇ ಸಲ, "ಕಾರ್ಡು ಬರಲಿ, ನೋಡಿ ಹೇಳ್ತೇನೆ" ಎಂದರು. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಲೋಕಲ್‌ನಲ್ಲಿ ಕೂತು ಅಳುತ್ತಾ ನಗುತ್ತಾ ಮನೆಗೆ ಬಂದಿದ್ದಳು.

ಇಷ್ಟು ಗೊತ್ತಿದ್ದೂ ಚೆನ್ನಯ ಫೋನಿಗೆ ಒಪ್ಪಲಿಲ್ಲ. ಬದಲಿಗೆ ಮೂರನೇ ಮಹಡಿಯ ಅನಿಲಕುಮಾರನನ್ನು ಹಿಡಿದ. ಕಲಬುರ್ಗಿ ಕಡೆಯ ಅನಿಲಕುಮಾರ ಒಂದು ದೊಡ್ಡ ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವವನು, ಎರಡು ಮಕ್ಕಳ ತಂದೆ, ಯಾರಿಗೂ ಆಗುವುದಿಲ್ಲ ಎನ್ನಲು ಬಾರದವನು. ಅವನು ಸತ್ತ ಕಂಪ್ಯೂಟರಿನ ಡಿಸ್ಕನ್ನು ತಟ್ಟಿ, ಸೀಡಿಗಳನ್ನು ಬೆಳಕಿಗೆ ಹಿಡಿದು ನೋಡಿ, ಹಳೆಯದನ್ನು ಎಸೆಯುವ ಅಗತ್ಯವೇ ಇಲ್ಲ ಎಂದ. ಹೊಸ ಕಂಪ್ಯೂಟರಿನ ಒಳಗೇ ಸುಳ್ಳು ಕಂಪ್ಯೂಟರ್ ಒಂದನ್ನು ಕಟ್ಟಬಹುದು. ಅದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಅದರಲ್ಲಿ ಹಳೆಯ ವಿಂಡೋಸನ್ನು ಕೂರಿಸಿದರೆ ಹಳೆಯ ಅಕ್ಷರಗಳೆಲ್ಲ ಎದ್ದು ಬರುತ್ತವೆ.

"ಒಳಗಿನ ವಿಂಡೋಸಿಗಿ ತಾ ಪೇಯಿಂಗ್ ಗೆಸ್ಟ್ ಅಂತ ಗೊತ್ತೇ ಆಗಂಗಿಲ್ರಿ ಅಂಕಲ್" ಎಂದು ಅನಿಲಕುಮಾರ ಬಿಡಿಸಿ ಹೇಳಿದ. "ಇಡೀ ಮನಿ ತಂದೇ ಅಂತ ತಿಳಕೊಂಡು ಜಬರ್ದಸ್ತ್ ಮಾಡಕೋತ ಇರ್ತದ."

"ನಮ್ಮ ಮನೆಯಲ್ಲಿ ಅಂಥವರು ಒಬ್ಬರು ಈಗಾಗಲೇ ಇದ್ದಾರೆ" ಎಂದು ವಿನೋದಿನಿ ಇಬ್ಬರಿಗೂ ಚಹಾ ಇಟ್ಟು ಒಳಗೆ ಹೋದಳು.

ಎರಡು ಸಂಜೆಯಲ್ಲಿ ಕೆಲಸ ಮುಗಿಯಿತು. ಹೊಸ ಲ್ಯಾಪ್‌ಟಾಪಿನ ಪರದೆಯ ನಡುವೆ ಒಂದು ಕಿಟಕಿ ತೆರೆದು, ಆ ಕಿಟಕಿಯೊಳಗೆ ಹಳೆಯ ವಿಂಡೋಸಿನ ಹಸಿರು ಗುಡ್ಡ, ನೀಲಿ ಆಕಾಶ ಕಂಡಾಗ ಚೆನ್ನಯನ ಕಣ್ಣಲ್ಲಿ ನೀರಾಡಿತು. ಒಂದಲ್ಲ, ಹತ್ತು ಹೊಸ ಕಂಪ್ಯೂಟರ್ ಬರಲಿ, ಎಲ್ಲದರ ಹೊಟ್ಟೆಯೊಳಗೂ ತನ್ನ ಹಳೆಯದನ್ನು ಕೂರಿಸಿ ಆಳುತ್ತೇನೆ ಎಂದು ನಿಶಾಳ ಮುಂದೆ ಎದೆ ತಟ್ಟಿಕೊಂಡ. ಮದುಮಗಳು ಫೋನಿನಿಂದ ತಲೆ ಎತ್ತದೆ, "ಪಪ್ಪಾ, ಕಾರ್ಡ್ ಟೈಮ್ ಪೇ ಆಯೇಗಾ ನಾ? ನವೀನನ ಮಮ್ಮಿ ಕೇಳ್ತಿದ್ರು" ಎಂದಷ್ಟೇ ಕೇಳಿದಳು. ನವೀನ ಎಂದರೆ ಮದುಮಗ.

ಹೊಸದಾಗಿ ಎಲ್ಲವನ್ನೂ ಟೈಪ್ ಮಾಡುವ ಬದಲು ಚೆನ್ನಯ ಒಂದು ಸುಲಭದ ದಾರಿ ಹಿಡಿದ. ಹಳೆಯ ಡಿಸ್ಕಿನಿಂದ ಉಳಿದು ಬಂದ ವಿಜೇತಾಳ ಮದುವೆಯ ಕಾರ್ಡನ್ನೇ ತೆರೆದು, ಶುಕ್ರವಾರ ಕೂತು ಮುಖಪುಟವನ್ನು ತಿದ್ದಿದ. ವಿಜೇತಾ ಹೋಗಿ ನಿಶಾ ಬಂದಳು, ಹಳೆಯ ಅಳಿಯ ಹೋಗಿ ನವೀನ ಬಂದ, ತಾರೀಕು, ಮುಹೂರ್ತ, ಸಯನ್‌ನ ಸಭಾಗೃಹ ಎಲ್ಲ ಸೇರಿದವು. ಒಳಪುಟದ ಹೆಸರುಗಳ ಪಟ್ಟಿಯನ್ನು ಮುಟ್ಟಲಿಲ್ಲ. ಅದು ವಿನೋದಿನಿಯ ಇಲಾಖೆ, ಅವಳು ಶನಿವಾರ ಕೂರುವವಳಿದ್ದಳು.

ಆ ಸಂಜೆ ಅನಿಲಕುಮಾರ ಬಂದು ಇನ್ನೊಂದು ವಿದ್ಯೆ ಕಲಿಸಿಕೊಟ್ಟ. ಅದರ ಹೆಸರು ಸ್ನ್ಯಾಪ್‌ಶಾಟ್. ಒಳಗಿನ ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿರುವಾಗ ಅದರದೊಂದು ಪಟ ತೆಗೆದಿಟ್ಟುಕೊಳ್ಳಬೇಕು. ಮುಂದೆ ಏನು ಕೆಟ್ಟರೂ ಒಂದು ಗುಂಡಿ ಒತ್ತಿದರೆ ಸಾಕು, ಪಟ ತೆಗೆದ ಗಳಿಗೆಗೇ ಎಲ್ಲವೂ ಮರಳುತ್ತದೆ, ನಡುವೆ ಏನೂ ನಡೆದೇ ಇಲ್ಲ ಎಂಬಂತೆ. ಅಲ್ಲೇ ಒಂದು ಪಟ ತೆಗೆದೂ ಕೊಟ್ಟ. ಚೆನ್ನಯ ರೋಮಾಂಚನಗೊಂಡು, ಕಾಲವನ್ನೇ ಹಿಂದಕ್ಕೆ ತಿರುಗಿಸುವ ಶಕ್ತಿ ತನ್ನ ಕೈಗೆ ಬಂದಿದೆ ಎಂದು ಅಡುಗೆಮನೆಗೆ ಹೋಗಿ ಸಾರಿದ.

ವಿನೋದಿನಿ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದಳು. "ಹಾಗಾದ್ರೆ ವಿಜೇತನ ಮದುವೆಗೆ ಹೋಗಿ ಅಣ್ಣನ ಹೆಸ್ರು ಹಾಕಿ ಬನ್ನಿ" ಎಂದಳು. ಚೆನ್ನಯನಿಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವ ಮನಸ್ಸಾಗಲಿಲ್ಲ.

ಶನಿವಾರ ವಿನೋದಿನಿ ಪಟ್ಟಿಗೆ ಕೂತಳು. ಮೂರು ಗಂಟೆ ಹಿಡಿಯಿತು. ಯಾರು ಯಾರಿಗಿಂತ ಹಿರಿಯರು, ಯಾರ ಹೆಸರಿನ ಕೆಳಗೆ ಯಾರ ಹೆಸರು ಬಂದರೆ ಯಾರು ಊಟ ಬಿಟ್ಟು ಹೋಗುತ್ತಾರೆ ಎಂದೆಲ್ಲ ಮೂರು ಉಪನಗರಗಳಿಗೆ ಫೋನು ಹಚ್ಚಿ ವಿಚಾರಿಸಿದಳು. ಆರು ವರ್ಷದ ಹಿಂದೆ ತೀರಿಹೋದ ಚೆನ್ನಯನ ದೊಡ್ಡಮ್ಮನನ್ನು ಒಂದು ನಿಟ್ಟುಸಿರಿನೊಂದಿಗೆ ತೆಗೆದಳು. ಮನೆ ಮಾರಿ ಹೋದ ಸೊಸೈಟಿಯ ಸೆಕ್ರೆಟರಿಯನ್ನು ನಿಟ್ಟುಸಿರಿಲ್ಲದೆ ತೆಗೆದಳು. ಎಲ್ಲರಿಗಿಂತ ಮೇಲೆ, ಉಳಿದವರಿಗಿಂತ ಒಂದು ಅಳತೆ ದಪ್ಪ ಅಕ್ಷರದಲ್ಲಿ, 'ಸೋದರಮಾವ ಶ್ರೀ ಧನರಾಜ್, ಭಾಂಡುಪ್' ಎಂದು ಹಾಕಿಸಿದಳು. ಮೂರು ಸಲ ಓದಿದಳು. ಅವಳೇ ಸೇವ್ ಗುಂಡಿ ಒತ್ತಿದಳು. ಇನ್ನು ಇದನ್ನು ಮುಟ್ಟಕೂಡದು ಎಂದು ಗಂಡನಿಗೆ ತಾಕೀತು ಮಾಡಿದಳು. ಮುಟ್ಟುವುದಿಲ್ಲ ಎಂದು ಚೆನ್ನಯ ಮಾತು ಕೊಟ್ಟ. ನಿಜ ಹೇಳಬೇಕೆಂದರೆ ಅವನು ಕೊನೆಯವರೆಗೂ ಅದನ್ನು ಮುಟ್ಟಲಿಲ್ಲ.

ಭಾನುವಾರ ತಾಯಿ ಮಗಳು ರವಿಕೆಯ ಅಳತೆಗೆ ಮಾಟುಂಗಕ್ಕೆ ಹೋದರು. ಸಯನ್‌ನ ಪ್ರೆಸ್ ಒಂದು ಗಂಟೆಗೆ ಬಾಗಿಲು ಹಾಕುತ್ತಿತ್ತು. ಹನ್ನೊಂದಕ್ಕೆ ಚೆನ್ನಯ ಕಾರ್ಡನ್ನು ಪ್ರೆಸ್ಸಿಗೆ ಬೇಕಾದ ರೂಪದಲ್ಲಿ ತೆಗೆದು, ಪೆನ್‌ಡ್ರೈವ್ ಚುಚ್ಚಿದ. ಪೆನ್‌ಡ್ರೈವ್ ಹೊರಗಿನ ಕಂಪ್ಯೂಟರಿನಲ್ಲಿ ಕಾಣಿಸಿತು. ಕಾರ್ಡು ಇದ್ದದ್ದು ಒಳಗಿನದರಲ್ಲಿ. ಕಿತ್ತು ಇನ್ನೊಂದು ತೂತಿಗೆ ಚುಚ್ಚಿದ. ಮತ್ತೆ ಹೊರಗೇ. ಮನೆ ತನ್ನದು, ಲ್ಯಾಪ್‌ಟಾಪ್ ತನ್ನದು, ಪೆನ್‌ಡ್ರೈವ್ ತನ್ನದು, ಅದು ಯಾವ ಕೋಣೆಯಲ್ಲಿ ಕೂರಬೇಕೆಂದು ತಾನು ಹೇಳುವಂತಿಲ್ಲವೇ ಎಂದು ಅವನಿಗೆ ರೇಗಿತು. ಹೊರಗಿನ ವಸ್ತುಗಳನ್ನು ಒಳಕ್ಕೆ ಕಳಿಸುವ ಒಂದು ಪಟ್ಟಿ ಇದೆಯೆಂದು ನೆನಪಾಗಿ ತೆರೆದ. ಅದರಲ್ಲಿದ್ದ ಹೆಸರುಗಳು ಒಂದಕ್ಕಿಂತ ಒಂದು ವಿಚಿತ್ರ. ಯಾವುದು ಪೆನ್‌ಡ್ರೈವಿನ ಹಾಗೆ ಕಂಡಿತೋ ಅದನ್ನು ಒತ್ತಿದ. ಅದು ಮೌಸ್ ಆಗಿತ್ತು.

ಮೌಸ್ ಒಳಗೆ ಹೋಯಿತು. ಹೋದದ್ದು ಹೊರಗೆ ಬರಲಿಲ್ಲ. ಒಳಗೆ ಸಿಕ್ಕಿಬಿದ್ದಾಗ ಬಲಗಡೆಯ ಕಂಟ್ರೋಲ್ ಗುಂಡಿ ಒತ್ತಿ ಹೊರಗೆ ಬನ್ನಿ ಎಂದು ಅನಿಲಕುಮಾರ ಹೇಳಿಕೊಟ್ಟಿದ್ದ. ಚೆನ್ನಯನಿಗೆ ಗುಂಡಿ ನೆನಪಿತ್ತು, ಯಾವ ಕಡೆಯದು ಎಂಬುದು ನೆನಪಿರಲಿಲ್ಲ. ಎಡಗಡೆಯದನ್ನು ಒತ್ತಿ ಒತ್ತಿ ಬೆರಳು ನೋಯಿಸಿಕೊಂಡ. ಕೊನೆಗೆ ಸಿಟ್ಟಿನಲ್ಲಿ ಲ್ಯಾಪ್‌ಟಾಪಿನ ಪವರ್ ಗುಂಡಿಯನ್ನೇ ಕತ್ತು ಹಿಸುಕಿದ ಹಾಗೆ ಒತ್ತಿ ಹಿಡಿದ. ಹೊರಗಿನದು ಸತ್ತು ಎದ್ದಿತು. ಒಳಗಿನದನ್ನು ಎಬ್ಬಿಸಿದರೆ ಅದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿಸಿ, ನೀವು ನನ್ನನ್ನು ಸರಿಯಾಗಿ ಮುಚ್ಚಿರಲಿಲ್ಲ, ಈಗ ನಾನು ನನ್ನ ಡಿಸ್ಕನ್ನು ಪರೀಕ್ಷೆ ಮಾಡುತ್ತೇನೆ ಎಂದಿತು. ಶೇಕಡಾ ಒಂದು. ಶೇಕಡಾ ಎರಡು. ಗಡಿಯಾರದಲ್ಲಿ ಹನ್ನೆರಡು ಗಂಟೆ.

ಅನಿಲಕುಮಾರನಿಗೆ ಫೋನು ಮಾಡಿದ. ಹಳಿ ರಿಪೇರಿಗೆಂದು ಭಾನುವಾರದ ಮೆಗಾಬ್ಲಾಕ್, ಹಾರ್ಬರ್ ಲೈನಿನ ಗಾಡಿಗಳೆಲ್ಲ ಅಸ್ತವ್ಯಸ್ತ. ಅವನು ಕುರ್ಲಾದಲ್ಲಿ ಜನರ ನಡುವೆ ಹೆಂಡತಿ ಮಕ್ಕಳೊಂದಿಗೆ ಸಿಕ್ಕಿಕೊಂಡಿದ್ದ. ಗದ್ದಲದ ನಡುವಿನಿಂದ ಅವನ ಮಾತು ತುಂಡು ತುಂಡಾಗಿ ಬಂತು.

"ಸ್ನ್ಯಾಪ್‌ಶಾಟಿಗಿ ಹೋಗಬೌದ್ರಿ ಅಂಕಲ್... ಆದ್ರ ಅದಕ್ಕಿಂತ ಮೊದಲ..."

ಅಷ್ಟರಲ್ಲಿ ಫೋನು ಕಡಿದುಹೋಯಿತು. ಚೆನ್ನಯನಿಗೆ ಮೊದಲರ್ಧ ಸಾಕಾಗಿತ್ತು. ಪಟ ಹುಡುಕಿ ಗುಂಡಿ ಒತ್ತಿದ. ಈಗಿನ ಸ್ಥಿತಿಯದ್ದೂ ಒಂದು ಪಟ ತೆಗೆದಿಟ್ಟುಕೊಳ್ಳಲೇ ಎಂದು ಕಂಪ್ಯೂಟರ್ ಬಹಳ ವಿನಯದಿಂದ ಕೇಳಿತು. ಹೌದು ಎಂಬಲ್ಲಿ ತಾನೇ ಗುರುತು ಹಾಕಿಕೊಂಡೂ ಇತ್ತು. ಚೆನ್ನಯನಿಗೆ ಪಿತ್ತ ನೆತ್ತಿಗೇರಿತು. ಈ ದರಿದ್ರ ಸ್ಥಿತಿಯ ಪಟ ಯಾವನಿಗೆ ಬೇಕು! ಬಂದಾಗಿನಿಂದ ಇದು ತನಗೆ ಬುದ್ಧಿ ಹೇಳುತ್ತಲೇ ಇದೆ. ಆ ಗುರುತನ್ನು ತೆಗೆದುಹಾಕಿ ಮತ್ತೆ ಒತ್ತಿದ.

ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು ಗುಡ್ಡ ಬಂತು. ಕಾರ್ಡು ತೆರೆದೇ ಇತ್ತು. ನಿಶಾ ಇದ್ದಳು, ನವೀನ ಇದ್ದ, ತಾರೀಕು, ಮುಹೂರ್ತ, ಸಯನ್‌ನ ಸಭಾಗೃಹ, ಒಂದೊಂದು ಒತ್ತಕ್ಷರವೂ ತನ್ನ ಜಾಗದಲ್ಲಿ ಗಂಭೀರವಾಗಿ ಕೂತಿತ್ತು. ಮುಖಪುಟವನ್ನು ಎರಡು ಸಲ ಓದಿದ. ಒಳಪುಟವನ್ನು ತೆರೆಯಲಿಲ್ಲ. ವಿನೋದಿನಿ ಮೂರು ಸಲ ಓದಿದ್ದನ್ನು ತಾನು ನಾಲ್ಕನೇ ಸಲ ಓದಿದರೆ ಅವಳಿಗೆ ಅವಮಾನ ಮಾಡಿದಂತಲ್ಲವೇ? ಪೆನ್‌ಡ್ರೈವಿನ ಜಗಳವೇ ಬೇಡವೆಂದು ಒಳಗೂ ಹೊರಗೂ ಕಾಣುವ ಒಂದು ಫೋಲ್ಡರನ್ನು ಅನಿಲಕುಮಾರ ಮಾಡಿಟ್ಟಿದ್ದು ಆಗ ನೆನಪಾಯಿತು. ಅದರ ಮೂಲಕ ಕಾರ್ಡನ್ನು ಹೊರಕ್ಕೆ ತಂದು ಪೆನ್‌ಡ್ರೈವಿಗೆ ಹಾಕಿಕೊಂಡು, ಹನ್ನೆರಡೂ ಐವತ್ತಕ್ಕೆ ಚೆನ್ನಯ ಬೆವರು ಸುರಿಸಿಕೊಂಡು ಪ್ರೆಸ್ಸಿನಲ್ಲಿದ್ದ. ಪ್ರೆಸ್ಸಿನ ಮರಾಠಿ ಮನುಷ್ಯ ಒಂದು ಪ್ರತಿ ತೆಗೆದು, ಕಾಕಾ, ಒಮ್ಮೆ ಪೂರ್ತಿ ನೋಡಿಕೊಡಿ ಎಂದ. ಕನ್ನಡ ಓದಲು ಬಾರದವನು ತನಗೆ ಕನ್ನಡ ಓದು ಎನ್ನುವುದೇ! ಚೆನ್ನಯ ನೋಡದೆ ಸಹಿ ಹಾಕಿದ.

ಮಂಗಳವಾರ ಬೆಳಿಗ್ಗೆ ಗಂಡಹೆಂಡಿರು ಪ್ರೆಸ್ಸಿನಿಂದ ನಾನೂರು ಕಾರ್ಡುಗಳ ಕಟ್ಟು ತೆಗೆದುಕೊಂಡರು. ಲಕೋಟೆಯಲ್ಲಿ ಹಾಕಿದ ಮೊದಲನೆಯದನ್ನು ದೇವಸ್ಥಾನದಲ್ಲಿ ದೇವರ ಮುಂದಿಟ್ಟರು. ಎರಡನೆಯದು ಸೋದರಮಾವನಿಗೆ, ಅದು ಪದ್ಧತಿ. ಸಯನ್ ಸ್ಟೇಷನ್ನಿನಲ್ಲಿ ಭಾಂಡುಪಿನ ಗಾಡಿ ಬಂತು. ತೆಂಗಿನಕಾಯಿ, ಹಣ್ಣು, ವೀಳ್ಯದೆಲೆಯ ಚೀಲದೊಂದಿಗೆ ವಿನೋದಿನಿ ಲೇಡೀಸ್ ಡಬ್ಬಿ ಹತ್ತಿದಳು. ಕಾರ್ಡಿನ ಚೀಲದೊಂದಿಗೆ ಚೆನ್ನಯ ಗಂಡಸರ ಡಬ್ಬಿ ಹತ್ತಿದ. ಇಲ್ಲವಾದರೆ ದಾರಿಯಲ್ಲಾದರೂ ಅವಳು ಒಂದನ್ನು ಬಿಚ್ಚಿ ನೋಡುತ್ತಿದ್ದಳು.

ಧನರಾಜ್ ಗಲ್ಲಾದಿಂದ ಎದ್ದು ಬಂದರು. ಅದೇ ದೊಡ್ಡ ವಿಷಯ. ಕೈ ತೊಳೆಯುವ ಬೇಸಿನ್ನಿನ ಪಕ್ಕದ ಟೇಬಲಿನಲ್ಲಿ ಕೂರಿಸಿದರು. ವಿನೋದಿನಿ ತಟ್ಟೆಯಲ್ಲಿ ಫಲತಾಂಬೂಲ ಇಟ್ಟು, ಅದರ ಮೇಲೆ ಕಾರ್ಡಿಟ್ಟು, ಅಣ್ಣನ ಕಾಲಿಗೆ ನಮಸ್ಕಾರ ಮಾಡಿದಳು. ಧನರಾಜ್ ಕನ್ನಡಕ ಒರೆಸಿಕೊಂಡು ಲಕೋಟೆ ಬಿಚ್ಚಿದರು. ಮುಖಪುಟ ಓದಿ, ಅಕ್ಷರ ಚೆನ್ನಾಗಿದೆ ಎಂದರು. ಚೆನ್ನಯ ಕುರ್ಚಿಯಲ್ಲಿ ಸ್ವಲ್ಪ ಅಗಲವಾದ.

ಆಮೇಲೆ ಒಳಪುಟ ತೆರೆದು, ಪಟ್ಟಿಯ ನೆತ್ತಿಯ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು.

"ನಿಮ್ಮ ದೊಡ್ಡಮ್ಮ ಸುಖಾಗಮನ ಬಯಸ್ತಾರಾ ಭಾವ?" ಎಂದು ಕೇಳಿದರು. "ಅವರು ತೀರಿಹೋದ ಮೇಲೆ ಬೊಜ್ಜದ ಊಟ ನಾನೇ ಉಂಡು ಬಂದಿದ್ದೇನೆ."

ಬೆರಳು ಇಳಿಯತೊಡಗಿತು. ಒಂದೊಂದು ಹೆಸರಿನ ಮೇಲೂ ನಿಂತು ನಿಂತು ಇಳಿಯಿತು. ಮನೆ ಮಾರಿ ಹೋದ ಸೆಕ್ರೆಟರಿ ಇದ್ದ. ಇಪ್ಪತ್ತೇಳನೆಯ ಹೆಸರೂ ಮುಗಿದು, ಬೆರಳು ಕಾರ್ಡಿನ ಅಂಚಿನಿಂದ ಜಾರಿ ಟೇಬಲಿನ ಮೇಲೆ ಬಂತು. ಧನರಾಜ್ ಕನ್ನಡಕ ತೆಗೆದು ಮಡಚಿದರು.

ವಿನೋದಿನಿ ಕಾರ್ಡನ್ನು ಎಳೆದುಕೊಂಡು ನೋಡಿದಳು. "ನನ್ನ ಶನಿವಾರದ ಮೂರು ಗಂಟೆ ಎಲ್ಲಿ ಹೋಯ್ತು?" ಎಂದು ಗಂಡನನ್ನು ಕೇಳಿದಳು. ಅವಳ ಕಣ್ಣು ತುಂಬಿತ್ತು.

ಚೆನ್ನಯ ಬಾಯಿ ತೆರೆದ. ಹೊರಗೊಂದು ಕಂಪ್ಯೂಟರ್ ಇದೆ, ಅದರೊಳಗೆ ಇನ್ನೊಂದಿದೆ, ಒಳಗಿನದಕ್ಕೆ ತಾನು ಒಳಗಿದ್ದೇನೆಂದು ಗೊತ್ತಿಲ್ಲ, ಮೌಸ್ ಒಳಗೆ ಹೋಯಿತು, ಮೆಗಾಬ್ಲಾಕ್ ಇತ್ತು, ತಾನು ಶುಕ್ರವಾರಕ್ಕೆ ಹಿಂದಿರುಗಿದೆ, ಶುಕ್ರವಾರ ಪಟ್ಟಿ ಇನ್ನೂ ಹಳೆಯದೇ ಇತ್ತು ಎಂದು ಒಂದೇ ಉಸಿರಿನಲ್ಲಿ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಎಂಥ ಅನ್ಯಾಯ! ಜೀವಮಾನದಲ್ಲಿ ಮೊದಲ ಸಲ ಕಂಪ್ಯೂಟರ್ ನಿಜವಾಗಿಯೂ ಹೆಸರು ನುಂಗಿದೆ, ಆದರೆ ಆ ಮಾತನ್ನು ಅವನು ಹನ್ನೆರಡು ವರ್ಷ ಮೊದಲೇ ಬಳಸಿ ಸವೆಸಿಬಿಟ್ಟಿದ್ದ.

ಧನರಾಜ್ ಎಲ್ಲ ಕೇಳಿಸಿಕೊಂಡರು. "ಈಗಿನದ್ದು ಹಾಗಾಯ್ತು ಅಂತ ಇಟ್ಟುಕೊಳ್ಳುವಾ" ಎಂದರು. "ಆಗಿನದ್ದು? ಆಗಲೂ ಕಂಪ್ಯೂಟರೇ ನುಂಗಿದ್ದಾ?"

ಚೆನ್ನಯ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಆ ದಿನ ಸಭಾಗೃಹದಲ್ಲಿ ಬಾಗಿಲ ಕಡೆಗೇ ತಿರುಗಿದ್ದ ಅವಳ ಮುಖ ನೆನಪಿಗೆ ಬಂತು. ಅವನ ಸಿಟ್ಟೆಲ್ಲ ಎಲ್ಲೋ ಇಳಿದುಹೋಯಿತು.

"ಇಲ್ಲ ಭಾವ" ಎಂದ. "ಆಗ ನಾನೇ ಮರ್ತದ್ದು."

ಧನರಾಜ್ ಮಡಚಿದ ಕನ್ನಡಕವನ್ನು ಬಿಚ್ಚಿ ಮತ್ತೆ ಮೂಗಿನ ಮೇಲೆ ಏರಿಸಿದರು.

"ಇಷ್ಟು ಹೇಳ್ಲಿಕ್ಕೆ ಹನ್ನೆರಡು ವರ್ಷ ಬೇಕಾಯ್ತಾ ನಿಮಗೆ?" ಎಂದು, ಅಡುಗೆಯವರ ಕಡೆ ತಿರುಗಿ ಮೂರು ಪ್ಲೇಟ್ ಬನ್ಸ್ ತರಲು ಹೇಳಿದರು.

ವಿನೋದಿನಿ ಮೂಗು ಒರೆಸಿಕೊಂಡು ಚೀಲದಿಂದ ಫೋನು ತೆಗೆದಳು. ಕಾರ್ಡಿನ ಮುಖಪುಟವನ್ನು ಎದುರಿಗಿಟ್ಟುಕೊಂಡು, ಎರಡೂ ಹೆಬ್ಬೆರಳುಗಳಿಂದ ಟೈಪ್ ಮಾಡತೊಡಗಿದಳು. ಪಟ್ಟಿ ಅವಳ ನಾಲಿಗೆಯ ತುದಿಯಲ್ಲಿತ್ತು. ಬನ್ಸ್ ಬಂದು, ಚಟ್ನಿ ಮುಗಿದು, ಎರಡನೇ ಚಹಾ ಬರುವಷ್ಟರಲ್ಲಿ ಇಡೀ ಕರೆಯೋಲೆ ಸಿದ್ಧವಾಗಿ ನಿಶಾಳಿಗೆ ಹೋಯಿತು. ನಿಶಾ ಆಫೀಸಿನಲ್ಲಿ ಕೂತೇ ಅದಕ್ಕೆ ಅಂಚು, ಗಣಪತಿ ಎಲ್ಲ ಹಾಕಿ, ಪ್ರೆಸ್ಸಿಗೆ ಕಳಿಸಿ, 'ಡನ್ ಮಮ್ಮಿ' ಎಂದು ಉತ್ತರಿಸಿದಳು. ಚೆನ್ನಯ ಫೋನನ್ನು ಇಸಿದುಕೊಂಡು, ಎಲ್ಲಾದರೂ ಒಂದು ಒತ್ತಕ್ಷರವಾದರೂ ಜಾರಿದೆಯೇ ಎಂದು ಹಿಗ್ಗಿಸಿ ಹಿಗ್ಗಿಸಿ ಹುಡುಕಿದ. ಒಂದೂ ಜಾರಿರಲಿಲ್ಲ. ಅವನಿಗೆ ತುಂಬಾ ಬೇಸರವಾಯಿತು.

ಹೊರಡುವಾಗ ಧನರಾಜ್ ಅವನನ್ನು ಗಲ್ಲಾದ ಹತ್ತಿರ ನಿಲ್ಲಿಸಿದರು. "ಭಾವ, ಆ ಒಳಗಿನ ಡಬ್ಬದಲ್ಲಿ ವಿಜೇತನ ಮದುವೆಯ ಪಟ್ಟಿ ಇನ್ನೂ ಹಾಗೇ ಉಂಟು ಅಂತಾಯ್ತು ಅಲ್ವಾ?"

ಹೌದೆಂದು ಚೆನ್ನಯ ತಲೆ ಆಡಿಸಿದ.

"ಹಾಗಾದ್ರೆ ಅದ್ರದ್ದೂ ನನಗೊಂದು ಕಾರ್ಡು ಮಾಡಿ ಕೊಡಿ, ಹೆಸ್ರು ಇರುವಂಥದ್ದು. ಆಗ ಬಂದದ್ದನ್ನು ನಾನು ಹರಿದು ಹಾಕಿದ್ದೆ." ಅವರು ಬೇರೆ ಕಡೆ ನೋಡುತ್ತ ಹೇಳಿದರು. "ವಿಜೇತನನ್ನು ನಾನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು."

ಆ ಕಾರ್ಡನ್ನು ಮಾತ್ರ ತನ್ನ ಹಳೆಯ ಅಕ್ಷರಗಳಲ್ಲೇ ಮಾಡಿಕೊಡುತ್ತೇನೆ ಎಂದು ಚೆನ್ನಯ ಹೇಳಲು ಹೊರಟಿದ್ದ. ವಿನೋದಿನಿ ತಿರುಗಿ ಒಂದು ನೋಟ ನೋಡಿದಳು. ಅವನು ಹೇಳಲಿಲ್ಲ.

ಶುಕ್ರವಾರ ಹೊಸ ಕಾರ್ಡುಗಳು ಮನೆಗೆ ಬಂದವು. ಅವುಗಳ ಹಿಂದೆಯೇ ಧನರಾಜ್ ಕೂಡ ಬಂದರು, ಹನ್ನೆರಡು ವರ್ಷದ ಮೇಲೆ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ಕೈಯಲ್ಲೊಂದು ಹೋಟೆಲಿನ ಪೊಟ್ಟಣ ಹಿಡಿದುಕೊಂಡು. ನಾನೂರರ ಕಟ್ಟಿನ ಮೇಲೆ ಬೇರೆಯಾಗಿ ಒಂದೇ ಒಂದು ಕಾರ್ಡು ಇತ್ತು, ವಿಜೇತಾಳ ಮದುವೆಯದು, ಅದೂ ಫೋನಿನಲ್ಲೇ ಟೈಪ್ ಆದದ್ದು. ವಿನೋದಿನಿ ಅದನ್ನು ಅಣ್ಣನ ಕೈಗೆ ಕೊಟ್ಟಳು. ಅವರು ಓದಿದರು, ತಂಗಿಯ ತಲೆಯ ಮೇಲೆ ಒಮ್ಮೆ ಕೈ ಇಟ್ಟರು, ಆಮೇಲೆ ಕಾರ್ಡನ್ನು ಚೆನ್ನಯನಿಗೆ ದಾಟಿಸಿದರು.

ಚೆನ್ನಯ ಕನ್ನಡಕ ಏರಿಸಿ, ತಪ್ಪು ಹುಡುಕುವ ಹಳೆಯ ಆಸೆಯಿಂದ, ಬೆರಳಿಟ್ಟು ಓದಿದ. ಶ್ರೀಮತಿ ವಿನೋದಿನಿ ಅವರ ಹಿರಿಯ ಪುತ್ರಿ ವಿಜೇತಾ. ಸುಖಾಗಮನವನ್ನು ಬಯಸುವವರು, ಸೋದರಮಾವ ಶ್ರೀ ಧನರಾಜ್, ಭಾಂಡುಪ್. ಬೆರಳು ಇಳಿಯಿತು. ದೊಡ್ಡಮ್ಮ ಇದ್ದರು, ಆಗ ಅವರು ಬದುಕಿದ್ದರಲ್ಲ. ಸೊಸೈಟಿಯ ಸೆಕ್ರೆಟರಿ ಕೂಡ ಇದ್ದ. ಬೆರಳು ಕಾರ್ಡಿನ ಅಂಚಿನಿಂದ ಜಾರಿ ಟೇಬಲಿನ ಮೇಲೆ ಬಂತು. ಚೆನ್ನಯ ಮತ್ತೆ ಮೇಲಿನಿಂದ ಓದಿದ. ಮತ್ತೆ ಬೆರಳು ಟೇಬಲಿಗೇ ಬಂತು.

"ವಿನೋದಿನಿ, ನನ್ನ ಹೆಸ್ರು ಎಲ್ಲಿ?"

ವಿನೋದಿನಿ ಹೊಸ ಕಾರ್ಡುಗಳ ಮೂಲೆಗೆ ಅರಶಿನ ಹಚ್ಚುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಹಾಕಿದ್ದೆ" ಎಂದಳು. "ಫೋನು ನುಂಗಿರ್ಬೇಕು."